ಬೀಟೆ ತುಂಡು ಕೊನೆಯ ಎರಡು ಮಿಲಿಮೀಟರಿನಲ್ಲಿ ಏಕೆ ಒಡೆಯುತ್ತದೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಜ್ಜನ ಕಾಲದ ಬೀಟೆ ಕುರ್ಚಿಯೊಂದು ಮುರಿದುಹೋಗಿತ್ತು. ಅದರ ಕಾಲುಗಳಿಂದ ಪೆನ್ನು ಮಾಡಿ ಮನೆಯವರಿಗೆ ಕೊಡೋಣ ಅಂತ ಸಣ್ಣ ಲೇತ್ ತಂದೆ. ಮರದ ತೂತಿನೊಳಗೆ ಅಂಟಿಸುವ 7 ಮಿ.ಮೀ. ಹಿತ್ತಾಳೆ ಕೊಳವೆಯ ಸ್ಲಿಮ್‌ಲೈನ್ ಕಿಟ್ (ತೆಳ್ಳಗಿನ ಪೆನ್ನಿನ ಬಿಡಿಭಾಗಗಳು) ತರಿಸಿದೆ. 125 ಮಿ.ಮೀ. ಉದ್ದದ ಐದು ತುಂಡು ಸಿಕ್ಕಿದವು. ಎರಡು ತುಂಡನ್ನು ಅರ್ಧರ್ಧ ಮಾಡಿ, ಕೊಳವೆಯ ಅಳತೆಗೆ 54 ಮಿ.ಮೀ.ಗೆ ಕತ್ತರಿಸಿ, ಡ್ರಿಲ್ಲಿಂಗ್ ಮಷೀನಿನಲ್ಲಿ ಕೊರೆದೆ. ಎರಡೂ ಹಾಳಾದವು. ಒಂದರಲ್ಲಿ ಬಿಟ್ ಕೆಳಗೆ ಹೊರಬರುವಾಗ ಮೂಲೆಯೇ ಕಿತ್ತುಬಂತು. ಇನ್ನೊಂದರಲ್ಲಿ ಹೊಗೆ ಬಂತು, ತೂತೂ ಓರೆಯಾಯಿತು. ಅಭ್ಯಾಸಕ್ಕೆ ಅಂತ ತಂದಿದ್ದ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ತುಂಡು ಟಪ್ ಅಂತ ಸೀಳಿತು. ಬಿಟ್ ಹೊಸದೇ. ಉಳಿದ ಮೂರು ಬೀಟೆ ತುಂಡು ಮುಟ್ಟಲು ಕೈ ಬರುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಹಾಳಾದ ಎರಡು ತುಂಡನ್ನು ಎಸೆಯಬೇಡಿ. ಹೊಗೆ ಬಂದ ತುಂಡಿನ ಒಂದು ಅರ್ಧ ತೆಗೆದುಕೊಂಡು, ತೂತಿನ ಉದ್ದಕ್ಕೆ ಗರಗಸದಲ್ಲಿ ಎರಡು ಸೀಳು ಮಾಡಿ. ಒಳಗೆ ಬೆಳಕಿಗೆ ಹಿಡಿದು ನೋಡಿ. ಮೇಲಿನ ಸುಮಾರು 30 ಮಿ.ಮೀ. ನಯವಾಗಿ, ಬೀಟೆಯ ಬಣ್ಣದಲ್ಲೇ ಇರುತ್ತದೆ. ಅಲ್ಲಿಂದ ಕೆಳಗೆ ಕಪ್ಪಗೆ, ಮಿರುಗುವ ಪಟ್ಟೆ ಕಾಣುತ್ತದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಆ ಪಟ್ಟೆ ಎಲ್ಲಿ ಶುರುವಾಗಿದೆಯೋ ಅಲ್ಲಿಂದ ನಿಮ್ಮ ಬಿಟ್ ಕೊರೆಯುವುದು ಬಿಟ್ಟು ಉಜ್ಜಲು ಶುರುಮಾಡಿದೆ.

ನಾನು ಇದನ್ನು ಕಲಿತದ್ದು ಒಂದು ತೊಟ್ಟಿಲಿನಿಂದ. ಪರಿಚಯದ ಹೆಂಗಸೊಬ್ಬರು ಮುರಿದ ಹಳೆಯ ತೊಟ್ಟಿಲಿನ ಒಂದು ಕಂಬಿ ತಂದುಕೊಟ್ಟು, ಮೂವರು ಮಕ್ಕಳಿಗೂ ಒಂದೊಂದು ಪೆನ್ನು ಮಾಡಿಕೊಡಿ ಅಂದಿದ್ದರು. ಹಲಸಿನ ಮರ. ಮೊದಲ ಎರಡು ಚೆನ್ನಾಗಿ ಬಂದವು. ಮೂರನೆಯದನ್ನು ಸಂಜೆ ಅವಸರದಲ್ಲಿ ಕೊರೆದೆ, ನಡುವೆ ಬಿಟ್ ಹೊರಗೆ ತೆಗೆಯಲೇ ಇಲ್ಲ. ಇನ್ನು ಎರಡು ಮಿಲಿಮೀಟರ್ ಇದೆ ಅನ್ನುವಾಗ ತುಂಡು ಎರಡಾಗಿ ಬಿರಿಯಿತು. ಆ ಕಂಬಿಯಲ್ಲಿ ಇನ್ನೊಂದು ಪೆನ್ನಿಗಾಗುವಷ್ಟು ಮರ ಉಳಿದಿರಲಿಲ್ಲ. ಆ ಹೆಂಗಸಿಗೆ ಫೋನ್ ಮಾಡಿ ಹೇಳುವುದು ಬಹಳ ಕಷ್ಟವಾಯಿತು. ಬಿರಿದ ಎರಡು ಸೀಳನ್ನು ಮೇಜಿನ ಮೇಲಿಟ್ಟು ನೋಡಿದಾಗ ಕಂಡದ್ದು ಇದೇ ಕಪ್ಪು ಪಟ್ಟೆ. ಅಲ್ಲಿಂದೀಚೆಗೆ ನಾನು ತೂತು ಕೊರೆಯುವ ರೀತಿಯೇ ಬದಲಾಯಿತು.

ವಿಷಯ ಇಷ್ಟೇ. ನಾವು ಬಿಟ್ಟನ್ನು ಒಳಗೆ ತಳ್ಳುವುದರ ಮೇಲೆ ಗಮನ ಇಡುತ್ತೇವೆ. ಪೆನ್ನಿನ ತುಂಡಿನಲ್ಲಿ ಕೆಲಸ ಇರುವುದು ಬಿಟ್ಟನ್ನು ಹೊರಗೆ ತರುವುದರಲ್ಲಿ. ನಿಮ್ಮ ಮೂರು ನಷ್ಟಗಳಲ್ಲೂ ಇದರ ಪಾಲಿದೆ ಅಂತ ನನಗನಿಸುತ್ತದೆ.

ನಿಮ್ಮ 7 ಮಿ.ಮೀ. ಬಿಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಆದರೆ ಒಟ್ಟು ಉದ್ದ 109 ಮಿ.ಮೀ. ಇರುತ್ತದೆ, ಸುರುಳಿ ಕಾಲುವೆ ಇರುವ ಭಾಗ 69 ಮಿ.ಮೀ. ಕೊರೆದ ಹೊಟ್ಟು ಹೊರಬರಲು ಇರುವ ದಾರಿ ಆ ಕಾಲುವೆ ಮಾತ್ರ. ತೂತು ಆಳವಾದಷ್ಟೂ ದಾರಿ ಉದ್ದವಾಗುತ್ತದೆ. ಬೀಟೆಯಂಥ ಗಟ್ಟಿ ಮರದ ಹೊಟ್ಟು ನುಣ್ಣಗಿರುತ್ತದೆ, ಅದರಲ್ಲಿ ಎಣ್ಣೆಯ ಅಂಶವೂ ಇದೆ. ಹಾಗಾಗಿ ಬೇಗ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಮ್ಮೆ ಕಾಲುವೆ ಕಟ್ಟಿದರೆ ಮುಂದೆ ಬರುವ ಹೊಟ್ಟಿಗೆ ಜಾಗ ಇಲ್ಲ. ಅದು ತೂತಿನ ಗೋಡೆಯನ್ನು ಒಳಗಿಂದ ಒತ್ತುತ್ತದೆ. ಜೊತೆಗೆ ಶಾಖ. ಒಳಗಿಂದ ಬೆಣೆ ಹೊಡೆದ ಹಾಗೆ ಆಗುತ್ತದೆ. ಮರ ಅಷ್ಟು ಹೊತ್ತು ತಡೆದುಕೊಂಡು, ಗೋಡೆಗೆ ಆಸರೆ ಕಮ್ಮಿ ಇರುವ ಕಡೆ, ಅಂದರೆ ತುದಿಯಲ್ಲಿ, ಬಿಡುತ್ತದೆ.

ಅದಕ್ಕೇ ನನ್ನ ಲೆಕ್ಕ ಹೀಗಿದೆ. ಮೊದಲ 10 ಮಿ.ಮೀ. ಒಂದೇ ಸಲ ಹೋಗಬಹುದು. ಅಲ್ಲಿ ಹೊಟ್ಟು ತಾನಾಗಿ ಹಾರಿ ಬರುತ್ತದೆ. ಆಮೇಲೆ ಪ್ರತಿ 5 ಮಿ.ಮೀ.ಗೆ ಒಮ್ಮೆ ಬಿಟ್ ಪೂರ್ತಿ ಹೊರಗೆ. ಅರ್ಧ ಎತ್ತಿ ಮತ್ತೆ ಇಳಿಸುವುದಲ್ಲ, ಮೊನೆ ಕಣ್ಣಿಗೆ ಕಾಣುವ ತನಕ ಎತ್ತಬೇಕು. ಅರ್ಧ ಎತ್ತಿದರೆ ಹೊಟ್ಟು ತೂತಿನ ನಡುವಿನಲ್ಲೇ ಉದುರಿ ಮತ್ತೆ ತಳಕ್ಕೆ ಬೀಳುತ್ತದೆ, ಬಿಟ್ ಅದನ್ನೇ ಮತ್ತೆ ಅರೆಯುತ್ತದೆ. 40 ಮಿ.ಮೀ. ದಾಟಿದ ಮೇಲೆ ಪ್ರತಿ 3 ಮಿ.ಮೀ.ಗೆ ಒಮ್ಮೆ ಹೊರಗೆ. ಕಾಲುವೆಯಲ್ಲಿ ಹೊಟ್ಟು ಅಂಟಿಕೊಂಡಿದ್ದರೆ ಮಷೀನ್ ನಿಲ್ಲಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ತಿರುಗುತ್ತಿರುವಾಗ ಬೆರಳು ಹತ್ತಿರ ಬೇಡ.

ಒಂದು ತೂತಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಹೊರಗೆ ಬಂದಾಗಲೆಲ್ಲ ಹೊಟ್ಟನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಸರಿಯಾಗಿ ಕೊರೆಯುತ್ತಿದ್ದರೆ ಬೀಟೆಯದು ನೇರಳೆ ಕಂದು ಬಣ್ಣದ ಸಣ್ಣ ಸಣ್ಣ ಸಿಪ್ಪೆಯಾಗಿ ಬರುತ್ತದೆ. ಬೀಟೆಗೆ ಒಂದು ಸಿಹಿ ವಾಸನೆ ಇದೆ, ನಿಮಗೆ ಗೊತ್ತೇ ಇದೆ. ಆ ವಾಸನೆ ಇರುವ ತನಕ ಚಿಂತೆ ಇಲ್ಲ. ಸಿಪ್ಪೆ ಹೋಗಿ ಬರೀ ಪುಡಿ ಬಂದರೆ, ಬಣ್ಣ ಕಪ್ಪಾದರೆ, ವಾಸನೆ ಕಮಟಾಗಿ ಗಂಟಲಿಗೆ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಗುರುತೂ ಇದೆ. ಬಿಟ್ಟಿನ ಎರಡು ಕಾಲುವೆಯಿಂದಲೂ ಹೊಟ್ಟು ಸಮವಾಗಿ ಬರಬೇಕು. ಒಂದರಿಂದಲೇ ಬರುತ್ತಿದ್ದರೆ ಬಿಟ್ಟಿನ ಎರಡು ಬಾಯಿ (ಕೊಯ್ಯುವ ಅಂಚು) ಸಮ ಇಲ್ಲ ಅಂತ ಅರ್ಥ. ಹೊಸ ಬಿಟ್ಟಿನಲ್ಲೂ ಇದು ಇರುತ್ತದೆ. ಅಂಥ ಬಿಟ್ 7 ಮಿ.ಮೀ. ಬದಲು ಅದಕ್ಕಿಂತ ದೊಡ್ಡ ತೂತು ಮಾಡುತ್ತದೆ, ಪಕ್ಕಕ್ಕೂ ಎಳೆಯುತ್ತದೆ. ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೂ ಗೊತ್ತಾಗುತ್ತದೆ.

ಬೀಟೆಯ ಬಗ್ಗೆ ಇನ್ನೊಂದು ಮಾತು. ಈ ಮರದ ಸಣ್ಣ ರಂಧ್ರಗಳಲ್ಲಿ ಸುಣ್ಣದಂಥ ಪದಾರ್ಥ ಕೂತಿರುತ್ತದೆ. ಅದು ಉಳಿ, ಬಿಟ್ ಎಲ್ಲದರ ಹರಿತವನ್ನೂ ಬೇಗ ತಿನ್ನುತ್ತದೆ. ಬೀಟೆ ಕೆಲಸ ಮಾಡುವ ಆಚಾರ್ರನ್ನು ಕೇಳಿ ನೋಡಿ, ತೇಗಕ್ಕಿಂತ ಜಾಸ್ತಿ ಸಲ ಸಾಣೆ ಹಿಡಿಯಬೇಕಾಗುತ್ತದೆ ಅಂತ ಅವರೇ ಹೇಳುತ್ತಾರೆ. ಹಾಗಾಗಿ "ಬಿಟ್ ಹೊಸದು" ಅನ್ನುವ ಮಾತು ಬೀಟೆಯಲ್ಲಿ ನಾಲ್ಕೈದು ತೂತಿನ ತನಕ ಮಾತ್ರ ಅಂತ ಇಟ್ಟುಕೊಳ್ಳಿ. ಆಮೇಲೆ ಸಾಣೆ ಹಿಡಿಸಿ, ಇಲ್ಲ ಬೇರೆ ಬಿಟ್ ಹಾಕಿ.

ಈಗ ವೇಗದ ಮಾತು. ನಿಮ್ಮ ಮಷೀನಿನ ಮೇಲಿನ ಮುಚ್ಚಳ ತೆಗೆದು ಬೆಲ್ಟ್ ಯಾವ ಪುಲಿಯಲ್ಲಿದೆ ನೋಡಿದ್ದೀರಾ? ಎಷ್ಟೋ ಜನ ತಂದ ದಿನದಿಂದ ನೋಡಿರುವುದಿಲ್ಲ. ಬೆಲ್ಟ್ ವೇಗದ ಪುಲಿಯಲ್ಲಿದ್ದು ಬಿಟ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದೆ ಅಂತ ಇಟ್ಟುಕೊಳ್ಳಿ. ಆಗ 7 ಮಿ.ಮೀ. ಬಿಟ್ಟಿನ ಅಂಚು ನಿಮಿಷಕ್ಕೆ 55 ಮೀಟರ್ ಉಜ್ಜುತ್ತದೆ. 600 ಸುತ್ತಿಗೆ ಇಳಿಸಿದರೆ 13 ಮೀಟರ್. ಶಾಖ ಎಲ್ಲಿಂದ ಬರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಮೆತ್ತಗಿನ ಮರಕ್ಕೆ ಹೆಚ್ಚು ವೇಗ ನಡೆಯುತ್ತದೆ. ಬೀಟೆಗೆ ನಾನು 600ರಿಂದ 800 ಇಡುತ್ತೇನೆ. ಅಕ್ರಿಲಿಕ್‌ಗೆ 400ರಿಂದ 500.

ಆದರೆ ನಿಧಾನ ಅಂದರೆ ಕೈಯನ್ನೂ ತೀರಾ ನಿಧಾನ ಮಾಡಬೇಡಿ. ಇದು ಬಹಳ ಜನ ಎಡವುವ ಜಾಗ. ಹೆದರಿಕೊಂಡು ಹಿಡಿಯನ್ನು ಮೆಲ್ಲಗೆ ಒತ್ತಿದರೆ ಬಿಟ್ ಮರವನ್ನು ಕೊಯ್ಯುವುದಿಲ್ಲ, ಸುಮ್ನೆ ಸವರುತ್ತಾ ನಿಲ್ಲುತ್ತದೆ. ಸವರಿದರೆ ಶಾಖ. ಒತ್ತಿದಾಗ ಸಿಪ್ಪೆ ಬರುವಷ್ಟು ಒತ್ತಿ, 5 ಮಿ.ಮೀ. ಹೋಗಿ, ಹೊರಗೆ ಬನ್ನಿ. ಒತ್ತುವುದರಲ್ಲಿ ಧೈರ್ಯ ಇರಲಿ, ಹೊರಗೆ ಬರುವುದರಲ್ಲಿ ತಾಳ್ಮೆ ಇರಲಿ. ಮಷೀನ್ ನಿಲ್ಲಿಸಿದ ಮೇಲೆ ಬಿಟ್ಟನ್ನು ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ಹಿಡಿದುಕೊಂಡಿರಲು ಆಗದಷ್ಟು ಬಿಸಿ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಮುಂದುವರಿಸಿ.

ಚನ್ನಪಟ್ಟಣದಲ್ಲಿ ಆಟಿಕೆ ಮಾಡುವುದನ್ನು ನೋಡಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಬರೀ ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಹೊರಗೆ, ಗಾಳಿಯಾಡುವ ಮೈಮೇಲೆ ಅಷ್ಟು ಶಾಖ ಹುಟ್ಟುತ್ತದೆ ಅಂದರೆ, ಗಾಳಿಯೇ ಇಲ್ಲದ 7 ಮಿ.ಮೀ. ತೂತಿನ ತಳದಲ್ಲಿ ಎಷ್ಟು ಹುಟ್ಟಬಹುದು ಯೋಚಿಸಿ.

ಇನ್ನು ಮೂಲೆ ಕಿತ್ತುಬಂದ ತುಂಡು. ಇಲ್ಲಿ ಹೊಟ್ಟಿನ ಜೊತೆ ಇನ್ನೊಂದು ಕಾರಣ ಸೇರಿದೆ. ನೀವು ತುಂಡನ್ನು 54 ಮಿ.ಮೀ.ಗೆ ಮೊದಲೇ ಕತ್ತರಿಸಿದ್ದು. ಬಿಟ್ಟಿನ ಮೊನೆ ಕೆಳಗೆ ತಲುಪುವಾಗ ಅದರ ಮುಂದೆ ಕಾಗದದಷ್ಟು ತೆಳ್ಳಗಿನ ಮರ ಉಳಿದಿರುತ್ತದೆ. ಅದರ ಹಿಂದೆ ಆಸರೆ ಇಲ್ಲ. ಮೊನೆ ಹೊರಬಂದ ಕ್ಷಣ ಅಲ್ಲಿಯವರೆಗೆ ಇದ್ದ ತಡೆ ಇದ್ದಕ್ಕಿದ್ದಂತೆ ಹೋಗುತ್ತದೆ. ಕೈ ಮಾತ್ರ ಅದೇ ಬಲದಲ್ಲಿ ಒತ್ತುತ್ತಲೇ ಇರುತ್ತದೆ. ಬಿಟ್ಟಿನ ಸುರುಳಿಯೂ ಸ್ಕ್ರೂ ಹಾಗೆ ತಾನೇ ಮುಂದಕ್ಕೆ ಎಳೆದುಕೊಳ್ಳುತ್ತದೆ. ಆ ಪದರ ಕೊಯ್ದುಹೋಗುವ ಬದಲು ಕಿತ್ತುಹೋಗುತ್ತದೆ. ಬೀಟೆಯ ಎಳೆ ಒಂದು ಪದರ ಒಂದು ಕಡೆಗೆ, ಮುಂದಿನ ಪದರ ಇನ್ನೊಂದು ಕಡೆಗೆ ವಾಲಿಕೊಂಡು ಹೆಣೆದಿರುತ್ತದೆ. ಅದಕ್ಕೇ ಕಿತ್ತರೆ ಬರೀ ಅಂಚು ಹೋಗುವುದಿಲ್ಲ, ಮೂಲೆಯೇ ಬರುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ, ಬಿಟ್ಟನ್ನು ಕೆಳಗಿನಿಂದ ಹೊರಗೆ ಬರಲು ಬಿಡದೇ ಇರುವುದು. ನಿಮ್ಮ ಉಳಿದ ತುಂಡುಗಳು 125 ಮಿ.ಮೀ. ಇವೆ ಅಲ್ವಾ? ತೆಳು ಗರಗಸದಲ್ಲಿ ನಡುವೆ ಕತ್ತರಿಸಿದರೆ ಎರಡು ಅರ್ಧವೂ 62 ಮಿ.ಮೀ. ಸಿಗುತ್ತವೆ. ಕೊಳವೆ ಸುಮಾರು 53 ಮಿ.ಮೀ. (ನಿಮ್ಮ ಕಿಟ್ಟಿನದನ್ನು ಅಳೆದುಕೊಳ್ಳಿ.) ಬಿಟ್ಟಿನ ಮೊನೆಯಿಂದ 58 ಮಿ.ಮೀ. ಅಳೆದು ಒಂದು ಟೇಪ್ ಸುತ್ತಿ. ಇಲ್ಲವೇ ಮಷೀನಿನ ಆಳದ ನಿಲುಗಡೆ ನಟ್ಟನ್ನು ಅಲ್ಲಿಗೆ ಬಿಗಿ ಮಾಡಿ. 58ಕ್ಕೆ ನಿಲ್ಲಿಸಿದರೆ ಕೆಳಗೆ 4 ಮಿ.ಮೀ. ಗಟ್ಟಿ ಮರ ಉಳಿಯುತ್ತದೆ. ಬಿಟ್ಟಿನ ಮೊನೆ ಸಾಮಾನ್ಯವಾಗಿ 118 ಡಿಗ್ರಿ ಇರುತ್ತದೆ, ಅಂದರೆ 7 ಮಿ.ಮೀ. ಬಿಟ್ಟಿನಲ್ಲಿ ಕೊನೆಯ 2 ಮಿ.ಮೀ. ಬರೀ ಶಂಕುವಿನ ಆಕಾರ. ಆದ್ದರಿಂದ ಪೂರ್ತಿ ಅಗಲದ ತೂತು ಸಿಗುವುದು ಸುಮಾರು 56ರ ತನಕ. ಈಗ ಕೆಳಗಿನ ತುದಿಯನ್ನು 55ಕ್ಕೆ ಗರಗಸದಲ್ಲಿ ಕತ್ತರಿಸಿ ತೆಗೆಯಿರಿ. ತೂತು ತೆರೆದುಕೊಳ್ಳುತ್ತದೆ, ಅಂಚು ಗರಗಸದ ಹಲ್ಲಿನಷ್ಟೇ ನಯವಾಗಿರುತ್ತದೆ. ಉಳಿದ 2 ಮಿ.ಮೀ. ಕೊಳವೆ ಅಂಟಿಸಿದ ಮೇಲೆ ತುದಿ ಮಟ್ಟ ಮಾಡಲು ಬೇಕೇ ಬೇಕು. ಇನ್ನೂ ಒಂದು ಲಾಭ ಇದೆ. 58 ಮಿ.ಮೀ. ಒಳಗೆ ಹೋದಾಗ 69ರ ಕಾಲುವೆಯಲ್ಲಿ 11 ಮಿ.ಮೀ. ಹೊರಗೇ ಇರುತ್ತದೆ, ಹೊಟ್ಟಿಗೆ ಬಾಗಿಲು ಮುಚ್ಚುವುದಿಲ್ಲ.

ಕತ್ತರಿಸುವ ಮೊದಲು ತುಂಡಿನ ಒಂದು ಮುಖದ ಮೇಲೆ ಉದ್ದಕ್ಕೆ ಒಂದು ಓರೆ ಗೀಟು ಎಳೆಯಿರಿ, ನಡುವಿನ ಜಾಗದಲ್ಲಿ ಎರಡು ಕಡೆಗೂ ಬಾಣ ಹಾಕಿ. ಎರಡು ಅರ್ಧವನ್ನೂ ನಡುವಿನ ಕಡೆಯಿಂದಲೇ ಕೊರೆಯಿರಿ. ಆಗ ಪೆನ್ನು ಜೋಡಿಸಿದಾಗ ಬೀಟೆಯ ಗೆರೆ ಒಂದರಿಂದ ಇನ್ನೊಂದಕ್ಕೆ ಹರಿದುಹೋಗುತ್ತದೆ. ಬಿಟ್ ಸ್ವಲ್ಪ ಓರೆಯಾದರೂ ನಡುವಿನಲ್ಲಿ ಗೆರೆ ತಪ್ಪುವುದಿಲ್ಲ.

ತುಂಡು ಚಿಕ್ಕದಾಗಿದ್ದು ಹೀಗೆ ಬಿಡಲು ಜಾಗವೇ ಇಲ್ಲದಿದ್ದರೆ, ಕೆಳಗೆ ಬೇರೆ ಗಟ್ಟಿ ಮರದ ಚೂರು ಸೂಪರ್ ಗ್ಲೂನಲ್ಲಿ ಅಂಟಿಸಿ ಅದರೊಳಕ್ಕೆ ಕೊರೆಯಬಹುದು. ಸುಮ್ನೆ ಕೆಳಗೆ ಇಟ್ಟರೆ ಸಾಲದು, ನಡುವೆ ಒಂದು ಕೂದಲಷ್ಟು ಸಂದಿ ಇದ್ದರೂ ಮರ ಆ ಸಂದಿಗೆ ಕಿತ್ತುಬರುತ್ತದೆ.

ಓರೆ ತೂತಿನ ವಿಷಯಕ್ಕೆ ಬರೋಣ. ನಾವು ಕೊರೆಯುತ್ತಿರುವುದು ಮರದ ಎಳೆಯ ಉದ್ದಕ್ಕೆ. ಎಳೆಯ ಉದ್ದಕ್ಕೆ ಹೋಗುವಾಗ ಬಿಟ್ ಮೆತ್ತಗಿನ ಗೆರೆಯ ಕಡೆಗೆ ಜಾರುತ್ತದೆ. ಶುರುವಿನಲ್ಲಿ ಒಂದು ಕೂದಲೆಳೆ ಜಾರಿದರೂ ತಳ ಸೇರುವಾಗ ಅದು ಒಂದೂವರೆ ಎರಡು ಮಿಲಿಮೀಟರ್ ಆಗಿರುತ್ತದೆ. ಆದ್ದರಿಂದ ಮೊದಲ 3 ಮಿ.ಮೀ. ಸರಿ ಮಾಡಬೇಕು. ಲೇತ್ ಕೆಲಸದವರ ಹತ್ತಿರ ಸೆಂಟರ್ ಡ್ರಿಲ್ ಅಂತ ಇರುತ್ತದೆ, ಗಿಡ್ಡ, ದಪ್ಪ, ಬಾಗುವುದೇ ಇಲ್ಲ. ಅದರಿಂದ ಒಂದು ಗುಳಿ ಮಾಡಿ, ಆಮೇಲೆ 7ರ ಬಿಟ್ ಇಳಿಸಿ. ಅದು ಇಲ್ಲದಿದ್ದರೆ ನಡುವೆ ಮೊನೆ ಇರುವ ಮರಗೆಲಸದ ಬಿಟ್ ಬಳಸಿ, ಮರಕ್ಕೆ ಅದು ಒಳ್ಳೆಯದು. ಅಕ್ರಿಲಿಕ್‌ಗೆ ಮಾತ್ರ ಬೇಡ, ಅದರ ಅಂಚಿನ ಹಲ್ಲುಗಳು ಕಚ್ಚುತ್ತವೆ. ಸಣ್ಣ ಬಿಟ್ಟಿನಲ್ಲಿ ಮೊದಲು ಉದ್ದಕ್ಕೂ ಕೊರೆದು ಆಮೇಲೆ 7 ಹಾಕಿದರೆ ಸುಲಭ ಅಂತ ಕೆಲವರು ಹೇಳುತ್ತಾರೆ. 7 ಮಿ.ಮೀ.ಗೆ ನಾನು ಅದನ್ನು ಒಪ್ಪುವುದಿಲ್ಲ. ತೆಳ್ಳಗಿನ ಬಿಟ್ ಇನ್ನೂ ಜಾಸ್ತಿ ಬಾಗುತ್ತದೆ, ಅದು ಮಾಡಿದ ಓರೆ ದಾರಿಯಲ್ಲೇ ದೊಡ್ಡ ಬಿಟ್ಟೂ ಹೋಗುತ್ತದೆ. 10, 12.5 ಮಿ.ಮೀ. ಬೇಕಾಗುವ ದಪ್ಪ ಪೆನ್ನಿನ ಕಿಟ್ ಆದರೆ ಎರಡು ಹಂತ ಮಾಡುವುದು ಸರಿ.

ತುಂಡು ವೈಸ್‌ನಲ್ಲಿ ನೆಟ್ಟಗೆ ನಿಂತಿದೆಯೇ ಅಂತ ಮೂಲೆಮಟ್ಟ ಹಿಡಿದು ನೋಡಿ. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ಕುರ್ಚಿಯ ಕಾಲು ಅಂದರೆ ಕೆತ್ತಿದ್ದು, ನಾಲ್ಕು ಮುಖವೂ ಸಮ ಇರಲಿಕ್ಕಿಲ್ಲ. ಮೊದಲು ನಾಲ್ಕು ಮುಖ ಹತ್ರಿ ಹೊಡೆದು ಚೌಕ ಮಾಡಿಕೊಳ್ಳಿ. ಹಳೆಯ ಕುರ್ಚಿಯಾದ್ದರಿಂದ ಮುರಿದ ಮೊಳೆ ಒಳಗೆ ಉಳಿದಿರಬಹುದು. ಒಂದು ಅಯಸ್ಕಾಂತ ಆಡಿಸಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಹತ್ತಿರ ಲೇತ್ ಇದೆ. ಮತ್ತೆ ಡ್ರಿಲ್ಲಿಂಗ್ ಮಷೀನಿನಲ್ಲಿ ಏಕೆ ಕೊರೆಯುತ್ತೀರಿ? ನಾಲ್ಕು ದವಡೆಯ ಚಕ್ (ತುಂಡನ್ನು ನಾಲ್ಕು ಕಡೆಯಿಂದ ಕಚ್ಚಿ ಹಿಡಿಯುವ ಭಾಗ) ಇದ್ದರೆ ತುಂಡನ್ನು ಅದರಲ್ಲಿ ಹಿಡಿಸಿ. ಅದರ ಎದುರು ತುದಿಯಲ್ಲಿರುವ, ಜಾರುವ ಟೇಲ್‌ಸ್ಟಾಕ್‌ಗೆ ಡ್ರಿಲ್ ಚಕ್ ಹಾಕಿ, ಅದರಲ್ಲಿ ಬಿಟ್. ಇಲ್ಲಿ ತಿರುಗುವುದು ಮರ, ಬಿಟ್ ನಿಂತಿರುತ್ತದೆ. ಮರ ತಿರುಗುವಾಗ ಬಿಟ್ ತಾನಾಗಿ ನಡುವನ್ನು ಹುಡುಕಿಕೊಳ್ಳುತ್ತದೆ, ತೂತು ಪಕ್ಕಕ್ಕೆ ಹೋಗುವುದು ಬಹಳ ಕಮ್ಮಿ. ವೇಗ 500 ಸಾಕು. ಹಿಡಿ ಗಾಲಿಯನ್ನು ತಿರುಗಿಸುತ್ತಾ ಒಳಗೆ ಹೋಗುವುದರಿಂದ ಕೈಯ ಬಲವೂ ಹಿಡಿತದಲ್ಲಿರುತ್ತದೆ. ಕೊನೆಯಲ್ಲಿ ಬಿಟ್ ದಡಕ್ಕನೆ ಮುಂದೆ ಹಾರುವುದಿಲ್ಲ.

ಇಲ್ಲಿ ಎರಡು ಜಾಗ್ರತೆ. ಶುರುವಿಗೆ ಮೊದಲು ಹೆಡ್‌ಸ್ಟಾಕ್‌ನಲ್ಲಿ (ಮರವನ್ನು ತಿರುಗಿಸುವ ಕಡೆ) ಒಂದು ಮೊನೆ, ಟೇಲ್‌ಸ್ಟಾಕ್‌ನಲ್ಲಿ ಒಂದು ಮೊನೆ ಹಾಕಿ ಹತ್ತಿರ ತನ್ನಿ. ಎರಡು ಮೊನೆ ಎದುರುಬದುರು ಸರಿಯಾಗಿ ಮುಟ್ಟಬೇಕು. ತಪ್ಪಿದ್ದರೆ ತೂತು ಬಾಯಲ್ಲಿ ಅಗಲವಾಗುತ್ತದೆ. ಇನ್ನೊಂದು, ಟೇಲ್‌ಸ್ಟಾಕ್‌ನ ಡ್ರಿಲ್ ಚಕ್ ಒಳಗೆ ಬರೀ ಬಿಗಿಯಾಗಿ ಕೂತಿರುತ್ತದೆ, ಬೋಲ್ಟ್ ಇರುವುದಿಲ್ಲ. ಬಿಟ್ಟನ್ನು ಹಿಂದಕ್ಕೆ ಎಳೆಯುವಾಗ ಅದು ಕಳಚಿಕೊಂಡು ಮರದ ಜೊತೆ ತಿರುಗಲು ಶುರುವಾದರೆ ಬಹಳ ಅಪಾಯ. ಹೊರಗೆ ತರುವಾಗಲೆಲ್ಲ ಎಡಗೈಯಲ್ಲಿ ಡ್ರಿಲ್ ಚಕ್ಕಿನ ಮೈಯನ್ನು ಬಿಗಿಯಾಗಿ ಹಿಡಿದಿರಿ, ಅಥವಾ ಪ್ರತಿ ಸಲ ಲೇತ್ ನಿಲ್ಲಿಸಿಯೇ ಎಳೆಯಿರಿ. ಹೊಸಬರಿಗೆ ಎರಡನೆಯದೇ ಸರಿ. ಕೈಗವಸು ಮಾತ್ರ ಯಾವ ಕಾರಣಕ್ಕೂ ಬೇಡ, ತಿರುಗುವ ಮಷೀನ್ ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ. ಕನ್ನಡಕ, ಮಾಸ್ಕ್ ಇರಲಿ. ಬೀಟೆಯ ಹುಡಿ ಕೆಲವರಿಗೆ ಚರ್ಮದ ತುರಿಕೆ, ಮೂಗಿನ ತೊಂದರೆ ಕೊಡುತ್ತದೆ.

ಅಕ್ರಿಲಿಕ್ ಬೇರೆಯೇ ಸ್ವಭಾವದ್ದು. ಮರ ಶಾಖಕ್ಕೆ ಸುಡುತ್ತದೆ, ಅಕ್ರಿಲಿಕ್ ಮೆತ್ತಗಾಗುತ್ತದೆ. 100 ಡಿಗ್ರಿಯ ಆಸುಪಾಸಿಗೇ ಅದು ರಬ್ಬರಿನ ಹಾಗಾಗುತ್ತದೆ, ಶಾಖ ಹೊರಗೆ ಹೋಗಲೂ ಬಿಡುವುದಿಲ್ಲ. ಮೆತ್ತಗಾದ ಹೊಟ್ಟು ಬಿಟ್ಟಿಗೆ ಮೆತ್ತಿಕೊಂಡು, ಗೋಡೆಗೂ ಅಂಟಿ, ಬಿಟ್ಟನ್ನು ಹಿಡಿದುಕೊಳ್ಳುತ್ತದೆ. ಮಷೀನ್ ಬಿಡುವುದಿಲ್ಲ, ತಿರುಗಿಸುತ್ತದೆ. ಆಗ ಟಪ್ ಅನ್ನುತ್ತದೆ. ನಿಮ್ಮದು ಒಡೆದದ್ದು ಬಹುಪಾಲು ಹೀಗೇ ಇರಬೇಕು. ಒಡೆಯದೇ ಉಳಿದರೂ ಇನ್ನೊಂದು ತೊಂದರೆ ಇದೆ. ಅಕ್ರಿಲಿಕ್ ಬಿಸಿಗೆ ಹಿತ್ತಾಳೆಗಿಂತ ಮೂರು ಪಟ್ಟು ಜಾಸ್ತಿ ಹಿಗ್ಗುತ್ತದೆ. ಬಿಸಿಯಲ್ಲಿ ಕೊರೆದ ತೂತು ತಣ್ಣಗಾದ ಮೇಲೆ ಬಿಗಿಯಾಗಿ, ಕೊಳವೆ ಅರ್ಧಕ್ಕೆ ನಿಲ್ಲುತ್ತದೆ. ಅಂಟು ಹಚ್ಚಿದ ಮೇಲೆ ಹೀಗಾದರೆ ತುಂಡು ಹೋದ ಹಾಗೇ. ಅದಕ್ಕೆ ಪೂರ್ತಿ ಆರಿದ ಮೇಲೆ, ಅಂಟು ಇಲ್ಲದೆ ಕೊಳವೆ ತೂರಿಸಿ ನೋಡಿ.

ಅಕ್ರಿಲಿಕ್‌ಗೆ ನೀರು ಒಳ್ಳೆಯದು. ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿದ ನೀರನ್ನು ಸ್ಪ್ರೇ ಬಾಟಲಿಯಲ್ಲಿಟ್ಟುಕೊಂಡು, ಬಿಟ್ ಹೊರಬಂದಾಗಲೆಲ್ಲ ಬಿಟ್ಟಿಗೂ ತೂತಿಗೂ ಹೊಡೆಯಿರಿ. ಮೋಟಾರಿನ ಮೇಲೆ ನೀರು ಬೀಳದ ಹಾಗೆ ನೋಡಿಕೊಳ್ಳಿ. ಎಣ್ಣೆ ಬೇಡ, ಆಮೇಲೆ ಅಂಟು ಹಿಡಿಯುವುದಿಲ್ಲ. ಬೀಟೆಗೆ ನೀರೂ ಬೇಡ, ಎಣ್ಣೆಯೂ ಬೇಡ. ಅಲ್ಲಿ ತಾಳ್ಮೆಯೊಂದೇ ದಾರಿ.

ಅಕ್ರಿಲಿಕ್ ಜಾಸ್ತಿ ಮಾಡುವವರಾದರೆ ಒಂದು ಬಿಟ್ ಅದಕ್ಕೇ ಮೀಸಲಿಡಿ. ಸಾಣೆಕಲ್ಲಿನ ಸಣ್ಣ ಚೂರು ಹಿಡಿದು, ಬಿಟ್ಟಿನ ಎರಡು ಕೊಯ್ಯುವ ಬಾಯಿಯ ಮುಖವನ್ನು ಬಿಟ್ಟಿನ ಉದ್ದಕ್ಕೆ ನೇರವಾಗಿ ನಾಲ್ಕಾರು ಸಲ ಉಜ್ಜಿ. ಅರ್ಧ ಮಿಲಿಮೀಟರ್ ಅಗಲದ ಸಣ್ಣ ಚಪ್ಪಟೆ ಹೊಳಪು ಬಂದರೆ ಸಾಕು. ಹೊಸ ಬಿಟ್ಟಿನ ಬಾಯಿ ಕೊಕ್ಕೆಯ ಹಾಗೆ ಒಳಕ್ಕೆ ಬಾಗಿರುತ್ತದೆ, ಅದು ಅಕ್ರಿಲಿಕ್ಕನ್ನು ಅಗೆದು ಎಳೆಯುತ್ತದೆ. ಚಪ್ಪಟೆ ಮಾಡಿದ ಮೇಲೆ ಅಗೆಯದೆ ಕೆರೆಯುತ್ತದೆ. ಹಿತ್ತಾಳೆ ಕೊರೆಯುವವರು ಬಹಳ ಹಿಂದಿನಿಂದ ಮಾಡುವುದೂ ಇದನ್ನೇ. ಹಾಗೆ ಮಾಡಿದ ಬಿಟ್ ಮತ್ತೆ ಮರಕ್ಕೆ ಬಾರದು, ಒಂದು ಬಣ್ಣದ ಗುರುತು ಹಾಕಿಡಿ. ಶಾಖದ ಜೊತೆಗೆ, ನಿಮ್ಮ ಬಿಟ್ ಹೊಸದಾಗಿ, ಬಹಳ ಹರಿತವಾಗಿ ಇದ್ದದ್ದೂ ಆ ತುಂಡಿಗೆ ಕೆಟ್ಟದ್ದಾಗಿರಬಹುದು.

ಮುಂದೊಂದು ದಿನ ಎಬೊನೈಟ್ ಕಡೆಗೆ ಹೋಗುವ ಆಸೆ ಇದ್ದರೆ ಇದೇ ಪಾಠ ಇನ್ನೂ ಗಟ್ಟಿಯಾಗಿ ಬೇಕಾಗುತ್ತದೆ. ಆಂಧ್ರದ ರಾಜಮಹೇಂದ್ರಿಯಲ್ಲಿ 1930ರ ದಶಕದಿಂದ ಎಬೊನೈಟ್ ಕಡ್ಡಿಯಿಂದ ಕೈಯಲ್ಲೇ ಫೌಂಟನ್ ಪೆನ್ನು ಮಾಡುತ್ತಾ ಬಂದಿದ್ದಾರೆ. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಯಾದರೆ ಗಂಧಕದ ವಾಸನೆ ಮೊದಲು ಮೂಗಿಗೆ ಬರುತ್ತದೆ. ಅಂಥ ಪೆನ್ನಿನಲ್ಲಿ ಒಳಗೆ ಹಿತ್ತಾಳೆ ಕೊಳವೆ ಇರುವುದಿಲ್ಲ. ಸಾಮಾನ್ಯವಾಗಿ ಕೊರೆದ ತೂತೇ ಶಾಯಿ ತುಂಬುವ ಜಾಗ, ಅದರ ಗೋಡೆಯಲ್ಲೇ ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಕೊರೆಯಬೇಕು. ಒಳಗಿನ ಒರಟನ್ನು ಮುಚ್ಚಿಡಲು ಅಲ್ಲಿ ಏನೂ ಇಲ್ಲ. ಕೊಳವೆ ಇರುವ ಕೆಲಸದಲ್ಲಿ ಕಲಿಯುತ್ತಿರುವುದು ನಮ್ಮ ಅದೃಷ್ಟ ಅಂತಲೇ ನನಗೆ ಅನಿಸುತ್ತದೆ.

ಕೊರೆದ ಮೇಲೆ ಒಂದು ರಾತ್ರಿ ತುಂಡನ್ನು ಹಾಗೇ ಬಿಡಿ. ಹಳೆಯ ಕುರ್ಚಿಯ ಮರ ಚೆನ್ನಾಗಿ ಒಣಗಿರುತ್ತದೆ, ಆದರೂ ಶಾಖದಿಂದ ಆದ ಸಣ್ಣ ಬಿರುಕು ಮಾರನೇ ದಿನ ಕಾಣಿಸಿಕೊಳ್ಳಬಹುದು. ಅಂಟಿಸುವ ಮೊದಲೇ ಕಂಡರೆ ಒಳ್ಳೆಯದು. ಹಸಿ ಮರವಾದರೆ ಕೊರೆಯಲೇ ಬೇಡಿ. ಮರ ಒಣಗಿ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ, ಪೆನ್ನು ಕೊಟ್ಟ ತಿಂಗಳೊಳಗೆ ಉದ್ದಕ್ಕೆ ಸೀಳುತ್ತದೆ. ಬೀಟೆಯ ಎಣ್ಣೆ ಅಂಟಿಗೆ ಆಗುವುದಿಲ್ಲ, ಬಟ್ಟೆಗೆ ಅಸಿಟೋನ್ ಅದ್ದಿ ತೂತಿನ ಒಳಗೆ ಒರೆಸಿ, ಕೊಳವೆಯ ಮೈಯನ್ನು 150ರ ಮರಳು ಕಾಗದದಲ್ಲಿ ಒರಟು ಮಾಡಿ, ಎಪಾಕ್ಸಿ ಹಚ್ಚಿ ತಿರುಗಿಸುತ್ತಾ ತೂರಿಸಿ. ಅಸಿಟೋನ್ ಬಾಟಲಿ ಬೆಂಕಿಯಿಂದ ದೂರ ಇರಲಿ.

ಉಳಿದ ಮೂರು ತುಂಡನ್ನು ಈ ವಾರ ಮುಟ್ಟಬೇಡಿ. ಗಟ್ಟಿ ಮರದ್ದೇ, ಮತ್ತಿಯೋ ಹೊನ್ನೆಯೋ, ಅದೇ ಅಳತೆಯ ನಾಲ್ಕು ಚೂರು ತಂದು ಲೇತಿನಲ್ಲಿ ಕೊರೆಯಿರಿ. ನಾಲ್ಕನ್ನೂ ಉದ್ದಕ್ಕೆ ಸೀಳಿ ಒಳಗೆ ನೋಡಿ. ಬಾಯಿಂದ ತಳದ ತನಕ ಒಂದೇ ಬಣ್ಣ ಕಂಡರೆ ಬೀಟೆ ಎತ್ತಿಕೊಳ್ಳಿ.

ಇನ್ನು ಹಾಳಾಯಿತು ಅಂದುಕೊಂಡಿರುವ ಎರಡು. ಹೊಗೆ ಬಂದದ್ದರಲ್ಲಿ ಇನ್ನೊಂದು ಅರ್ಧ ಉಳಿದಿದೆಯಲ್ಲ, ತೂತು ಓರೆ ಇದ್ದರೂ ಸುತ್ತ 2 ಮಿ.ಮೀ. ಗೋಡೆ ಉಳಿದಿದ್ದರೆ ಸ್ಲಿಮ್‌ಲೈನ್‌ಗೆ ಸಾಕು, ಅದು ತೆಳ್ಳಗಿನ ಪೆನ್ನು. ಅದರೊಳಗಿನ ಕಪ್ಪು ಪುಡಿಯನ್ನು ಸುತ್ತಿದ ಮರಳು ಕಾಗದದಲ್ಲಿ ಪೂರ್ತಿ ತೆಗೆದ ಮೇಲೇ ಅಂಟು ಹಚ್ಚಿ. ಮೂಲೆ ಕಿತ್ತದ್ದಕ್ಕೆ ಆ ಮೂಲೆಯ ಚೂರು ಸಿಕ್ಕಿದ್ದರೆ ಈಗಲೇ ಸೂಪರ್ ಗ್ಲೂನಲ್ಲಿ ಕೂರಿಸಿ, ಟೇಪ್ ಬಿಗಿದು ಇಡಿ. ಹೊಸದಾಗಿ ಕಿತ್ತ ಎಳೆಗಳು ಒಂದಕ್ಕೊಂದು ಹಲ್ಲಿನ ಹಾಗೆ ಕೂರುತ್ತವೆ, ಉರುಟು ಮಾಡಿದ ಮೇಲೆ ಗೀಟು ಕಾಣುವುದೇ ಕಷ್ಟ. ಚೂರು ಕಳೆದಿದ್ದರೆ ಆ ತುದಿಯಿಂದ 5 ಮಿ.ಮೀ. ಕತ್ತರಿಸಿ, ಅಲ್ಲಿಗೆ ಹಲಸಿನ ಹಳದಿ ಮರದ ಒಂದು ಬಳೆ ಜೋಡಿಸಿ. ಬೀಟೆಯ ಪಕ್ಕ ಹಲಸು ಬಹಳ ಚೆನ್ನಾಗಿ ಕಾಣುತ್ತದೆ.